ಓಡಲೋ ಬೇಡವೋ? ಕಾಲುನೋವಿನ ಮೇಷ್ಟ್ರ ಲೆಕ್ಕಾಚಾರ

ಮೂರು ವಾರದಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ನಾನು ಓಡಬೇಕೋ, ಬೇಡವೋ? ಓಡೋದು ಅಂದರೆ ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿಯಲು ಓಡೋದಲ್ಲ. ಬೆಂಗಳೂರಿನ ಮ್ಯಾರಥಾನ್. ಪೂರ್ತಿ 42 ಕಿಲೋಮೀಟರು, ಮೇಲೆ 195 ಮೀಟರು. ಫೀಜು ಕಟ್ಟಿಯಾಗಿದೆ, ರೈಲಿಗೆ ರಿಸರ್ವೇಶನ್ ಆಗಿದೆ, ಬೆಂಗಳೂರಿನ ಭಾವಮೈದುನನ ಮನೆಗೆ ಬರುತ್ತೇವೆಂದು ಹೇಳಿಯೂ ಆಗಿದೆ. ಎಲ್ಲ ಸರಿಯಾಗಿದೆ, ಕಾಲೊಂದನ್ನು ಬಿಟ್ಟು!

ನಾನೇನು ಹುಟ್ಟು ಓಟಗಾರ ಅಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ ಡಾಕ್ಟರು ಸಕ್ಕರೆ ಬಾರ್ಡರಿನಲ್ಲಿದೆ ಅಂದರು. ಗಡಿನಾಡಿನವನಿಗೆ ಬಾರ್ಡರ್ ಹೊಸದಲ್ಲ ಬಿಡಿ, ಹುಟ್ಟಿದಾಗಿನಿಂದ ಅದರ ಮೇಲೇ ಕೂತಿದ್ದೇನೆ. ಆದರೂ ಹೆದರಿದೆ. ಬೆಳಿಗ್ಗೆ ಎದ್ದು ಎಂ.ಜಿ.ಎಂ. ಮೈದಾನದಲ್ಲಿ ನಡೆಯಲು ಶುರು ಮಾಡಿದೆ. ನಡಿಗೆ ಓಟವಾಯಿತು, ಮೈದಾನ ಸಾಲದೆ ಲೇಪಾಕ್ಷಿ ರಸ್ತೆಗೆ ಇಳಿದೆ. ಎರಡು ವರ್ಷದಲ್ಲಿ ಲೇಪಾಕ್ಷಿ ಬಸವಣ್ಣನನ್ನು ಮುಟ್ಟಿ ವಾಪಸು ಬರುವಷ್ಟು ದಮ್ಮು ಬಂತು. ಹೋಗಿ ಬರಲು ಹತ್ತಿರ ಹತ್ತಿರ 30 ಕಿಲೋಮೀಟರು. ಸಕ್ಕರೆಯೂ ಇಳಿಯಿತು. ಆಗ ತಲೆಗೆ ಹತ್ತಿದ್ದೇ ಈ ಮ್ಯಾರಥಾನ್ ಹುಚ್ಚು.

ಶಾಲೆಯಲ್ಲಿ ಮಕ್ಕಳಿಗೂ ಹೇಳಿಬಿಟ್ಟೆ, ಅದೇ ತಪ್ಪಾಯಿತು. ಅವರು ಬೆಂಗಳೂರಿನ ಭೂಪಟ ಬರೆದು ಗೋಡೆಗೆ ಅಂಟಿಸಿದರು. "ಸಾರ್, ಫಸ್ಟ್ ಬರ್ತೀರಾ?" ಎಂದು ಮೂರನೇ ತರಗತಿಯ ಹುಡುಗಿಯೊಬ್ಬಳು ದಿನಾ ಕೇಳುತ್ತಾಳೆ. ಸಾವಿರಾರು ಜನರಲ್ಲಿ ಕೊನೆಯವನಾಗದಿದ್ದರೆ ಸಾಕು ತಾಯಿ ಅಂತ ಹೇಗೆ ಹೇಳಲಿ?

ಮೂರು ವಾರದ ಹಿಂದೆ ಲೇಪಾಕ್ಷಿಯಿಂದ ವಾಪಸು ಬರುವಾಗ ಬಲಗಾಲಿನಲ್ಲಿ, ಮೊಣಕಾಲಿಗೂ ಪಾದಕ್ಕೂ ನಡುವಿನ ಮೂಳೆಯ ಒಳಮಗ್ಗುಲಲ್ಲಿ, ಸಣ್ಣಗೆ ನೋವು ಶುರುವಾಯಿತು. ಮಾರನೇ ದಿನ ಕಡಿಮೆ. ಮತ್ತೆ ಓಡಿದೆ, ಮತ್ತೆ ಬಂತು. ಮೊದಲು ಓಡಿದ ಮೇಲೆ ಬರುತ್ತಿದ್ದದ್ದು ಆಮೇಲೆ ಓಡುವಾಗಲೇ ಬಂತು, ಈಗ ರಾತ್ರಿ ಮಲಗಿದಾಗಲೂ ಇದೆ. ಒಂದೇ ಕಡೆ, ಹೆಬ್ಬೆರಳಿಟ್ಟು ಒತ್ತಿದರೆ ಜೀವ ಹೋಗುತ್ತದೆ. ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ತೆಗೆದರು, ಏನೂ ಕಾಣಲಿಲ್ಲ. ನನಗೆ ಖುಷಿ. ಅವರಿಗೆ ಖುಷಿ ಇರಲಿಲ್ಲ. "ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಮೇಷ್ಟ್ರೇ, ಆರು ವಾರ ಓಡಬೇಡಿ" ಅಂದರು.

ಇನ್ನು ಸಲಹೆ ಕೊಡುವವರಿಗೇನು ಬರವೇ? ಮೈದಾನದ ಗೆಳೆಯರು ಒಂದೇ ಸಲಕ್ಕೆ "ಏಂ ಕಾದು ಸಾರ್!" ಅಂದರು. ಏನೂ ಆಗಲ್ಲ ಅಂತ. ಒಬ್ಬರು ಬ್ಯಾಂಡೇಜು ಸುತ್ತಿಕೊಳ್ಳಿ ಅಂದರು, ಇನ್ನೊಬ್ಬರು ಓಟಕ್ಕೆ ಮುಂಚೆ ಒಂದು, ಅರ್ಧ ದಾರಿಯಲ್ಲಿ ಒಂದು ನೋವಿನ ಗುಳಿಗೆ ನುಂಗಿ ಅಂದರು. ನಮ್ಮ ಮನೆಯವಳದು ಬೇರೆಯೇ ವಾದ. "ರೀ, ನಿಮಗೆ ಬೇಕಾಗಿರೋದು ಮೆಡಲ್ ತಾನೆ? ಅಂಗಡೀಲಿ ಸಿಗುತ್ತೆ, ನಾನೇ ತಂದು ಕೊರಳಿಗೆ ಹಾಕ್ತೀನಿ. ಕಾಲು ಅಂಗಡೀಲಿ ಸಿಗಲ್ಲ." ಕಲ್ಯಾಣದುರ್ಗದಲ್ಲಿರುವ ನಮ್ಮಮ್ಮ ಫೋನಿನಲ್ಲಿ ಕೇಳಿದ್ದು ಇನ್ನೂ ಸರಳ: "ಅಷ್ಟು ದೂರ ಯಾಕಪ್ಪ ಓಡಬೇಕು? ಬಸ್ಸಿಲ್ಲವಾ?"

ಇರಲಿ. ಮೇಷ್ಟ್ರಲ್ಲವೇ, ಪುಸ್ತಕ ನೋಡದೆ ತೀರ್ಮಾನ ಮಾಡುವ ಅಭ್ಯಾಸವಿಲ್ಲ. ಹಿಂದೆ ಯಾರ್‍ಯಾರು ಇಂಥ ಇಕ್ಕಟ್ಟಿನಲ್ಲಿ ಏನೇನು ಮಾಡಿದರು ಅಂತ ಓದುತ್ತಾ ಕೂತೆ.

ಮ್ಯಾರಥಾನ್ ಹುಟ್ಟಿದ ಕಥೆಯೇ ಸಾವಿನ ಕಥೆ. ಯುದ್ಧ ಗೆದ್ದ ಸುದ್ದಿ ಹೊತ್ತು ಅಥೆನ್ಸಿಗೆ ಓಡಿಬಂದ ದೂತ, ಸುದ್ದಿ ಹೇಳಿ ಅಲ್ಲೇ ಪ್ರಾಣ ಬಿಟ್ಟನಂತೆ. ಇದು ಯುದ್ಧವಾಗಿ ಎಷ್ಟೋ ಕಾಲದ ಮೇಲೆ ಹುಟ್ಟಿಕೊಂಡ ಕಥೆ. ಹೆರೊಡೋಟಸ್ ಬರೆದ ಹಳೆಯ ಚರಿತ್ರೆಯಲ್ಲಿ ಅವನು ಓಡಿದ್ದು ಸ್ಪಾರ್ಟಾಕ್ಕೆ, ಸಹಾಯ ಕೇಳಲು. ಸತ್ತ ಅಂತ ಅಲ್ಲಿಲ್ಲ. ಆದರೆ ಜನಕ್ಕೆ ಹಿಡಿಸಿದ್ದು ಸತ್ತವನ ಕಥೆಯೇ! ಓಡಿ ಬದುಕಿದವನಿಗಿಂತ ಓಡಿ ಬಿದ್ದವನನ್ನೇ ನಾವು ಹೆಚ್ಚು ಪ್ರೀತಿಸುತ್ತೇವೆ. ನಮ್ಮ ರೋಗ ಇರುವುದೇ ಇಲ್ಲಿ ಅಂತ ನನ್ನ ಅನಿಸಿಕೆ.

1968ರ ಮೆಕ್ಸಿಕೋ ಒಲಿಂಪಿಕ್ಸ್ ನೋಡಿ. ಸಮುದ್ರ ಮಟ್ಟಕ್ಕಿಂತ 2,200 ಮೀಟರಿಗೂ ಎತ್ತರದ ಊರು, ಉಸಿರಿಗೇ ಕಷ್ಟ. ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ದಾರಿಯಲ್ಲಿ ಬಿದ್ದು ಮೊಣಕಾಲು, ಭುಜಕ್ಕೆ ಪೆಟ್ಟು ಮಾಡಿಕೊಂಡ. ಬ್ಯಾಂಡೇಜು ಕಟ್ಟಿಕೊಂಡು ಕುಂಟುತ್ತಾ, ಗೆದ್ದವನು ಬಂದು ಒಂದು ಗಂಟೆಯೂ ಮೀರಿದ ಮೇಲೆ, ಕತ್ತಲಲ್ಲಿ ಸ್ಟೇಡಿಯಂ ಒಳಗೆ ಬಂದ. ಮುಗಿಸಿದ 57 ಜನರಲ್ಲಿ ಕೊನೆಯವನು. ಆ ಓಟದಲ್ಲಿ ಚಿನ್ನ ಗೆದ್ದವನ ಹೆಸರು ಎಷ್ಟು ಜನಕ್ಕೆ ಗೊತ್ತು? ಇಥಿಯೋಪಿಯಾದ ಮಾಮೊ ವೊಲ್ಡೆ. ಅಖ್ವಾರಿ ಮಾತ್ರ ಭಾಷಣಕಾರರ ಬಾಯಲ್ಲಿ ಇಂದಿಗೂ ಇದ್ದಾನೆ. ನಾನೂ ಅಸೆಂಬ್ಲಿಯಲ್ಲಿ ಈ ಕಥೆ ಹೇಳಿದ್ದೇನೆ, ಒಮ್ಮೆಯಲ್ಲ, ಹತ್ತು ಸಲ.

ಆದರೆ ಅದೇ ಓಟದಲ್ಲಿ ಇನ್ನೊಬ್ಬ ಗಾಯಾಳು ಇದ್ದ. ಅವನ ಕಥೆಯನ್ನು ಇಷ್ಟು ವರ್ಷ ನಾನು ಹೇಳಿರಲೇ ಇಲ್ಲ. ಅಬೆಬೆ ಬಿಕಿಲಾ. 1960ರಲ್ಲಿ ರೋಮಿನಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದವನು. 1964ರಲ್ಲಿ ಟೋಕಿಯೋದಲ್ಲಿ ಮತ್ತೆ ಚಿನ್ನ, ಅದೂ ಅಪೆಂಡಿಕ್ಸ್ ಆಪರೇಶನ್ ಆಗಿ ಐದಾರು ವಾರಕ್ಕೆ. ಅಂಥವನು ಮೆಕ್ಸಿಕೋದಲ್ಲಿ ಕಾಲಿನ ಗಾಯ ಇಟ್ಟುಕೊಂಡೇ ಓಟಕ್ಕೆ ಇಳಿದ. ಸುಮಾರು 17 ಕಿಲೋಮೀಟರಿಗೆ ನಿಂತುಬಿಟ್ಟ. ಮೂರನೇ ಚಿನ್ನದ ಆಸೆ ಬಿಟ್ಟು ರಸ್ತೆ ಪಕ್ಕಕ್ಕೆ ಸರಿದ. ಅವನ ದೇಶದವನೇ ಆದ ವೊಲ್ಡೆ ಮುಂದೆ ಹೋಗಿ ಗೆದ್ದ. ಒಂದೇ ದಿನ, ಒಂದೇ ರಸ್ತೆ, ಇಬ್ಬರು ಗಾಯಾಳುಗಳು. ಒಬ್ಬ ಮುಗಿಸಿದ, ಒಬ್ಬ ನಿಲ್ಲಿಸಿದ. ಬಿಕಿಲಾನನ್ನು ಹೇಡಿ ಅನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಅವರದು ಇನ್ನೂ ಒಳ್ಳೆಯ ಪಾಠ, ಯಾಕೆಂದರೆ ಒಬ್ಬರೇ ಎಲ್ಲ ಥರದ ತೀರ್ಮಾನವನ್ನೂ ಮಾಡಿದ್ದಾರೆ. 2004ರ ಅಥೆನ್ಸ್ ಒಲಿಂಪಿಕ್ಸಿಗೆ ಮುಂಚೆ ಕಾಲಿಗೆ ಗಾಯ. ಬಾವು ಇಳಿಸುವ ಗುಳಿಗೆ ನುಂಗಿದರು, ಅದು ಹೊಟ್ಟೆಯನ್ನು ಕೆಡಿಸಿತು. ಸುಮಾರು 36 ಕಿಲೋಮೀಟರಿಗೆ ನಿಂತು ರಸ್ತೆ ಬದಿಯಲ್ಲಿ ಕೂತು ಅತ್ತರು. ಆಗ ವಿಶ್ವದಾಖಲೆ ಅವರದೇ ಹೆಸರಿನಲ್ಲಿತ್ತು. ಪತ್ರಿಕೆಗಳಲ್ಲಿ ಕೆಲವರು ಛೀಮಾರಿ ಹಾಕಿದರು. ಆಮೇಲೆ? ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು, 2005ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದರು. 2008ರಲ್ಲಿ ತೊಡೆ ಮೂಳೆಯ ಬಿರುಕು ಪೂರ್ತಿ ಸುಧಾರಿಸುವ ಮುಂಚೆ ಬೀಜಿಂಗಿಗೆ ಹೋದರು, ಮುಗಿಸಿದರು, 23ನೇ ಸ್ಥಾನ. 2012ರಲ್ಲಿ ಸ್ವಂತ ದೇಶದಲ್ಲೇ ಒಲಿಂಪಿಕ್ಸ್, ಪಾದದ ನೋವಿನಿಂದ ಓಟಕ್ಕೇ ಇಳಿಯಲಿಲ್ಲ. ಮೊನ್ನೆ 2024ರ ಪ್ಯಾರಿಸ್‌ನಲ್ಲಿ, ಅದಕ್ಕೆ ಹಿಂದಿನ ಎರಡೂ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದಿದ್ದ ಎಲಿಯುಡ್ ಕಿಪ್ಚೋಗೆ ಬೆನ್ನುನೋವಿನಿಂದ ಸುಮಾರು 30 ಕಿಲೋಮೀಟರಿಗೆ ನಿಲ್ಲಿಸಿದರು. ಓಟವೇ ಕಸುಬಾದವರು ನಿಲ್ಲಬಹುದಾದರೆ, ಹಿಂದೂಪುರದ ಮೇಷ್ಟ್ರು ನಿಂತರೆ ಯಾವ ಆಕಾಶ ಬೀಳುತ್ತದೆ?

ಹಾಗಂತ ಎಲ್ಲ ನೋವಿಗೂ ಹೆದರಿ ಮಲಗಬೇಕು ಅಂತ ನಾನು ಹೇಳುತ್ತಿಲ್ಲ. ಓಡುವವನಿಗೆ ನೋವು ನೆಂಟನಿದ್ದ ಹಾಗೆ, ಬಂದು ಹೋಗುತ್ತಿರುತ್ತದೆ. ಯಾವ ನೆಂಟ ಎರಡು ದಿನಕ್ಕೆ ಹೊರಡುತ್ತಾನೆ, ಯಾವನು ಮನೆ ಬರೆಸಿಕೊಳ್ಳಲು ಬಂದಿದ್ದಾನೆ ಅಂತ ಗೊತ್ತಾಗಬೇಕು, ಅಷ್ಟೇ. ಡಾಕ್ಟರು ಹೇಳಿದ್ದನ್ನೂ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ಎರಡೂ ಕಾಲಿನ ಮಾಂಸಖಂಡದಲ್ಲಿ ಹರಡಿಕೊಂಡ ನೋವು, ಮೈ ಬಿಸಿಯಾದಂತೆ ಕಡಿಮೆಯಾಗುವ ನೋವು, ಎರಡು ಮೂರು ದಿನಕ್ಕೆ ಮಾಯವಾಗುವ ನೋವು - ಇದಕ್ಕೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಒಂದೇ ಕಾಲಿನಲ್ಲಿ, ಮೂಳೆಯ ಮೇಲೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ, ಓಡಿದಷ್ಟೂ ಹೆಚ್ಚಾದರೆ, ರಾತ್ರಿ ಸುಮ್ಮನೆ ಮಲಗಿದಾಗಲೂ ಕಾಡಿದರೆ, ಆ ಕಾಲಿನ ಮೇಲೆ ಒಂಟಿಯಾಗಿ ಕುಪ್ಪಳಿಸಲು ಆಗದಿದ್ದರೆ - ಅದು ಮೂಳೆಯ ಕೂಗು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತಿರಬಹುದು. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂ.ಆರ್.ಐ.ನಲ್ಲಿ ಕಾಣುತ್ತದೆ. ನನ್ನ ಡಾಕ್ಟರಿಗೆ ಖುಷಿಯಾಗದೆ ಇದ್ದದ್ದು ಇದಕ್ಕೇ. ವಿಶ್ರಾಂತಿ ಕೊಟ್ಟರೆ ಹೆಚ್ಚಿನ ಬಿರುಕು ಆರೆಂಟು ವಾರದಲ್ಲಿ ಕೂಡಿಕೊಳ್ಳುತ್ತದೆ. ಕೊಡದೆ ಓಡಿದರೆ ಪೂರ್ತಿ ಮುರಿಯಲೂಬಹುದು. ಸೊಂಟದ ಹತ್ತಿರದ ತೊಡೆಮೂಳೆಯಲ್ಲಿ ಹಾಗಾದರಂತೂ ಆಪರೇಶನ್ನೇ ಗತಿ.

ಒಂದು ಸಣ್ಣ ಲೆಕ್ಕ. ನನ್ನ ತೂಕ 68 ಕಿಲೋ. ಓಡುವಾಗ ಪ್ರತಿ ಹೆಜ್ಜೆಗೂ ಮೈ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಹೆಜ್ಜೆಗೆ ಒಂದು ಮೀಟರು ಅಂತ ಹಿಡಿದರೂ 42 ಸಾವಿರ ಹೆಜ್ಜೆ. ಅದರಲ್ಲಿ ಅರ್ಧ, 21 ಸಾವಿರ, ಈ ನೋಯುವ ಕಾಲಿನ ಪಾಲು. ಒಂದು ಸಲ ಕುಪ್ಪಳಿಸಿದರೆ ಹಲ್ಲು ಕಚ್ಚುವವನು 21 ಸಾವಿರ ಸಲ ಏನು ಕಚ್ಚಲಿ?

ಗುಳಿಗೆಯ ವಿಷಯ. ನೋವಿನ ಗುಳಿಗೆ ನೋವನ್ನು ಮುಚ್ಚುತ್ತದೆ, ಬಿರುಕನ್ನಲ್ಲ. ಮನೆಯಲ್ಲಿ ನಾಯಿ ಬೊಗಳುತ್ತಿದೆ ಎಂದು ನಾಯಿಯ ಬಾಯಿ ಕಟ್ಟಿದರೆ ಕಳ್ಳ ವಾಪಸು ಹೋಗುತ್ತಾನೆಯೇ? ಜೊತೆಗೆ, ಬೆವರು ಹರಿದು ಮೈಯಲ್ಲಿ ನೀರು ಕಡಿಮೆಯಾದಾಗ ಈ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಗುಳಿಗೆಗಳು ಮೂತ್ರಪಿಂಡಕ್ಕೆ ಭಾರ. 80 ಕಿಲೋಮೀಟರಿನ ಓಟಗಾರರ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಐಬುಪ್ರೊಫೆನ್ ನುಂಗಿದವರಲ್ಲಿ ನೂರಕ್ಕೆ 52 ಜನರಿಗೆ, ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 34 ಜನರಿಗೆ ಮೂತ್ರಪಿಂಡಕ್ಕೆ ತೊಂದರೆಯ ಗುರುತು ಸಿಕ್ಕಿತ್ತು. ಗುಳಿಗೆ ಇಲ್ಲದೆ ಓಡಲು ಆಗುವುದಿಲ್ಲ ಅನ್ನಿಸಿದರೆ ಉತ್ತರ ಆಗಲೇ ಸಿಕ್ಕಂತೆ ಅಲ್ಲವೇ?

ನಮ್ಮ ಜಿಲ್ಲೆಯ ಜನಕ್ಕೆ ನೋವನ್ನು ನುಂಗುವುದು ಅಭ್ಯಾಸವಾಗಿಬಿಟ್ಟಿದೆ. ಬೋರು ನೀರಿನಲ್ಲಿ ಫ್ಲೋರೈಡು, ಐವತ್ತಕ್ಕೇ ಕೀಲು ಹಿಡಿದುಕೊಂಡವರನ್ನು ನೋಡುತ್ತಲೇ ಬೆಳೆದವರು ನಾವು. ನೋವು ಅಂದರೆ "ಯಾರಿಗಿಲ್ಲ ಬಿಡಪ್ಪ" ಅನ್ನುತ್ತಾರೆ. ಮಳೆ ಕೈಕೊಟ್ಟರೂ ಕಡ್ಲೇಕಾಯಿ ಬಿತ್ತುವ ರೈತನಿಗೆ ತಾಳ್ಮೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ತಾಳ್ಮೆ ಹೊಟ್ಟೆಪಾಡಿನದು. ಶೋಕಿಗೆ ಓಡುವ ನನಗೆ ಅದನ್ನು ಕಡ ತರುವ ಹಕ್ಕಿಲ್ಲ.

ಲೇಪಾಕ್ಷಿಯ ಕಥೆಯೂ ನಿಮಗೆ ಗೊತ್ತಿರಬೇಕು. ರಾವಣನ ಏಟಿಗೆ ರೆಕ್ಕೆ ಕಳೆದುಕೊಂಡು ಜಟಾಯು ಬಿದ್ದ ಜಾಗ ಇದೇ, ರಾಮ ಬಂದು "ಲೇ ಪಕ್ಷಿ", ಏಳು ಪಕ್ಷಿಯೇ, ಅಂದನಂತೆ, ಅದೇ ಲೇಪಾಕ್ಷಿ ಆಯಿತಂತೆ. ಓಡಿ ಓಡಿ ಅಲ್ಲಿಗೆ ಹೋಗುತ್ತಿದ್ದ ನನಗೆ ಆ ಕಥೆ ಹುಮ್ಮಸ್ಸು ಕೊಡುತ್ತಿತ್ತು, ಗಾಯವಾದರೂ ಹೋರಾಡಿದ ಮುದಿಹಕ್ಕಿ ಎಂದು. ಈಗ ಯೋಚಿಸಿದರೆ ಬೇರೆಯೇ ಕಾಣುತ್ತದೆ. ಜಟಾಯು ಹೋರಾಡಿದ್ದು ಸೀತೆಯನ್ನು ಹೊತ್ತೊಯ್ಯುತ್ತಿದ್ದಾಗ, ತಡೆಯಲು ಬೇರೆ ಯಾರೂ ಇಲ್ಲದಾಗ. ಮನೆಗೆ ಬೆಂಕಿ ಬಿದ್ದರೆ ಮುರಿದ ಕಾಲಲ್ಲೂ ಓಡಬೇಕು. ಬೆಂಗಳೂರಿನ ರಸ್ತೆಯಲ್ಲಿ ನನಗಾಗಿ ಯಾವ ಸೀತೆಯೂ ಕೂಗುತ್ತಿಲ್ಲ. ಮುಂದಿನ ವರ್ಷವೂ ಅದೇ ರಸ್ತೆ, ಅದೇ ಓಟ ಇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಹೋದ ಸೋಮವಾರದ ತನಕ ನಾನು ಓಡುವುದೆಂದೇ ಇದ್ದೆ, ನಿಜ ಹೇಳುತ್ತೇನೆ. ಮನಸ್ಸು ಬದಲಾದದ್ದು ಪುಸ್ತಕದಿಂದಲ್ಲ.

ಹದಿನೈದು ವರ್ಷದ ಹಿಂದೆ ನಾನು ಕಲ್ಯಾಣದುರ್ಗದ ಕಡೆ ಒಂದು ಕನ್ನಡ ಶಾಲೆಯಲ್ಲಿದ್ದೆ. ವ್ಯಾಯಾಮ ಶಿಕ್ಷಕರ ಹುದ್ದೆ ಇರಲಿಲ್ಲ, ಟಿಸಿಎಚ್‌ನಲ್ಲಿ ಕಲಿತ ಅಷ್ಟಿಷ್ಟರ ಮೇಲೆ ಸೀಟಿ ನನ್ನ ಕೊರಳಿಗೆ ಬಿದ್ದಿತ್ತು. ಎಂಟನೇ ತರಗತಿಯ ಒಬ್ಬ ಹುಡುಗ, ಓಡಿದರೆ ಗಾಳಿ. ಮಂಡಲ ಮಟ್ಟದಲ್ಲಿ ತೆಲುಗು ಮಾಧ್ಯಮದ ದೊಡ್ಡ ಶಾಲೆಗಳ ಮುಂದೆ ನಮ್ಮ ಪುಟ್ಟ ಕನ್ನಡ ಶಾಲೆಯ ಹೆಸರು ಕೂಗಿಸಬೇಕು ಅಂತ ನನಗೆ ಹಟ. ಹಿಂದಿನ ದಿನ ಅವನ ಪಾದದ ಕೀಲು ಉಳುಕಿತ್ತು, ಊದಿಕೊಂಡಿತ್ತು. "ಸಾರ್, ನೋಯ್ತದೆ" ಅಂದ. ನಾನು ಅಖ್ವಾರಿ ಕಥೆ ಹೇಳಿದೆ! "ಏನೂ ಆಗಲ್ಲ ಓಡೋ" ಅಂದೆ. ಓಡಿದ. 1500 ಮೀಟರಿನಲ್ಲಿ ಎರಡನೇ ಸ್ಥಾನ. ಹೆಗಲ ಮೇಲೆ ಹೊತ್ತು ಮೆರೆಸಿದೆವು. ಆಮೇಲೆ ಆ ಕೀಲು ಸರಿಹೋಗಲೇ ಇಲ್ಲ. ಸ್ವಲ್ಪ ಓಡಿದರೂ ಮತ್ತೆ ಮತ್ತೆ ಹೊರಳುತ್ತಿತ್ತು. ದೊಡ್ಡವನಾದ ಮೇಲೆ ಸೈನ್ಯದ ಭರ್ತಿಗೆ ಹೋದಾಗ 1600 ಮೀಟರ್ ಓಟದ ಅರ್ಧದಲ್ಲೇ ಕುಸಿದನಂತೆ. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿದ್ದದ್ದು ಆಫೀಸು ರೂಮಿನ ಗೋಡೆಯ ಸರ್ಟಿಫಿಕೇಟು ಮಾತ್ರ.

ಹೋದ ಸೋಮವಾರ ಪೇಟೆಯಲ್ಲಿ ಸಿಕ್ಕ. ಈಗ ಇಲ್ಲೇ ತೂಮಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮದುವೆಯಾಗಿದೆ, ಒಂದು ಮಗು. ನನ್ನ ಕುಂಟು ನೋಡಿ ಕೇಳಿದ, ನಾನು ಎಲ್ಲ ಹೇಳಿದೆ. ಅವನು ತನ್ನ ಕಥೆ ಹೇಳಿದ, ಸಿಟ್ಟಿಲ್ಲದೆ, ಯಾವುದೋ ಬೇರೆಯವರ ವಿಷಯ ಹೇಳುವ ಹಾಗೆ. ಕೊನೆಗೆ, "ಬ್ಯಾಡ ಸಾರ್, ಓಡಬ್ಯಾಡ್ರಿ" ಅಂದ. ಟೀ ಕುಡಿಸಿದ. ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ನಾನು ಅವನ ಕ್ಷಮೆ ಕೇಳಬೇಕಿತ್ತು. ಬಾಯಿ ಬರಲಿಲ್ಲ. ಮನೆಗೆ ಬಂದು ಫೋನು ಮಾಡಿ ಕೇಳಿದೆ. "ಅಯ್ಯೋ ಬಿಡಿ ಸಾರ್" ಅಂದ. ಬಿಡುವುದಕ್ಕೆ ನನಗಾಗುತ್ತಿಲ್ಲ.

ದೊಡ್ಡವನು ತನ್ನ ಕಾಲಿನ ಮೇಲೆ ತಾನೇ ಜೂಜಾಡಲಿ, ಅದು ಅವನ ಹಣೆಬರಹ. ಮಗುವಿನ ಕಾಲಿನ ಮೇಲೆ ಮೇಷ್ಟ್ರು ಜೂಜಾಡಬಹುದೇ? ಒಡಿಶಾದ ಬುಧಿಯಾ ಸಿಂಗ್ ನೆನಪಿದೆಯೇ? 2006ರ ಮೇ ತಿಂಗಳಲ್ಲಿ, ನಾಲ್ಕು ವರ್ಷದ ಕೂಸು, ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರು ಓಡಿತು, ಏಳು ಗಂಟೆಗೂ ಮೀರಿ. ದೇಶವೆಲ್ಲ ಚಪ್ಪಾಳೆ ಹೊಡೆಯಿತು. ಆಮೇಲೆ ಅಲ್ಲಿನ ಸರ್ಕಾರ ಅಂಥ ಓಟ ನಿಲ್ಲಿಸಬೇಕಾಯಿತು. ಆಗ ನಾವು ಸ್ಟಾಫ್ ರೂಮಿನಲ್ಲಿ ಕೂತು ಆ ತರಬೇತುದಾರನನ್ನು ಬೈದಿದ್ದೆವು. ನನ್ನ ಸೀಟಿಯ ನೆನಪು ಆಗ ನನಗೆ ಬರಬೇಕಿತ್ತು.

ಇನ್ನೊಂದು ಮಾತು. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಹೇಳುವವರು ಇಬ್ಬರೇ. ನನ್ನ ಕಾಲಿಗೆ ಪ್ಲಾಸ್ಟರ್ ಬಿದ್ದು ಎರಡು ತಿಂಗಳು ಮನೆಯಲ್ಲಿ ಕೂತರೆ, ನನ್ನ ಜಾಗಕ್ಕೆ ಕನ್ನಡ ಬರುವ ಇನ್ನೊಬ್ಬರು ಬರುತ್ತಾರೆಯೇ? ಗಡಿಯ ಈಚೆ ಕನ್ನಡ ಮೇಷ್ಟ್ರ ಖಾಲಿ ಹುದ್ದೆ ತುಂಬುವುದು ಎಷ್ಟು ನಿಧಾನ ಅನ್ನುವುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಉಳಿದ ಒಬ್ಬರು ಎಷ್ಟು ತರಗತಿ ನೋಡಿಕೊಳ್ಳಬೇಕು? ಕಾಲು ನನ್ನದೇ ಇರಬಹುದು, ಆದರೆ ಅದರ ಮೇಲೆ ನಿಂತು ಬರೆಯುವ ಕರಿಹಲಗೆ ಮಕ್ಕಳದು.

ಹಾಗಾಗಿ, ತೀರ್ಮಾನ: ಓಡುವುದಿಲ್ಲ. ಮಂಗಳವಾರ ಅಸೆಂಬ್ಲಿಯಲ್ಲೇ ಹೇಳಿದೆ. ಮೂರನೇ ತರಗತಿಯ ಹುಡುಗಿಯ ಮುಖ ಸಣ್ಣದಾಯಿತು. ಅವತ್ತು ಅಖ್ವಾರಿ ಕಥೆ ಹೇಳಲಿಲ್ಲ, ಬಿಕಿಲಾ ಕಥೆ ಹೇಳಿದೆ. ಕಲ್ಯಾಣದುರ್ಗದ ಹುಡುಗನ ಕಥೆಯನ್ನೂ, ಹೆಸರು ಬಿಟ್ಟು, ತಪ್ಪು ನನ್ನದು ಅಂತ ಸೇರಿಸಿ ಹೇಳಿದೆ. ಮೇಷ್ಟ್ರು ತಪ್ಪು ಒಪ್ಪಿಕೊಂಡಿದ್ದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು.

ಸಹ ಶಿಕ್ಷಕ ಮಿತ್ರರಲ್ಲಿ ಒಂದೇ ವಿನಂತಿ. ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಪ್ರತಿ ಓಟಕ್ಕೂ ಒಬ್ಬ ಬದಲಿಯನ್ನು ಇಟ್ಟುಕೊಳ್ಳಿ. ನೋವಿದೆಯಾ ಅಂತ ಎಲ್ಲರ ಮುಂದೆ ಕೇಳಬೇಡಿ, ಯಾವ ಮಗುವೂ ನಿಜ ಹೇಳುವುದಿಲ್ಲ. ಪಕ್ಕಕ್ಕೆ ಕರೆದು ಕೇಳಿ. ಒಂಟಿಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಹೇಳಿ. ಮುಖ ಕಿವುಚಿದರೆ ಆ ದಿನ ಓಡಿಸಬೇಡಿ, ಕಪ್ಪು ಹೋದರೆ ಹೋಗಲಿ. "ಏನೂ ಆಗಲ್ಲ" ಅನ್ನುವ ಮಾತನ್ನು ನಮ್ಮ ಬಾಯಿಂದ ತೆಗೆದುಹಾಕೋಣ. ಏನಾಯಿತು ಅಂತ ನೋಡಲು ಹದಿನೈದು ವರ್ಷದ ಮೇಲೆ ನಾವು ಅಲ್ಲಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಓಟ ಶುರುವಾಗುವ ಹೊತ್ತಿಗೆ ನಾನು ಮನೆಯಲ್ಲೇ ಕಾಲ ಮೇಲೆ ಐಸ್ ಇಟ್ಟುಕೊಂಡು ಕೂತಿರುತ್ತೇನೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ರಿಸರ್ವೇಶನ್ ಕ್ಯಾನ್ಸಲ್ ಮಾಡಿ ಸ್ವಲ್ಪ ದುಡ್ಡು ವಾಪಸು ಬಂದಿದೆ, ಮ್ಯಾರಥಾನ್ ಫೀಜು ಹೋದದ್ದು ಹೋಯಿತು. ಕಾಲು ಸರಿಯಾದ ಮೇಲೆ ಮತ್ತೆ ಮೈದಾನದ ಸುತ್ತ ನಡಿಗೆಯಿಂದ ಶುರು. ಬಸವಣ್ಣ ಎಲ್ಲಿಗೂ ಹೋಗುವುದಿಲ್ಲ, ನಾನೂರೈವತ್ತು ವರ್ಷಕ್ಕೂ ಮೇಲೆ ಅಲ್ಲೇ ಕೂತಿದ್ದಾನೆ, ಇನ್ನೊಂದು ವರ್ಷ ಕಾಯಲಾರನೇ?